ಹಳೇ ರೆಗ್ಯುಲೇಟರ್: ಸಿಲಿಂಡರ್ ಇಳಿದಂತೆ ಉಸಿರು ಬಿಗಿಯಾಗುತ್ತಿದೆ

ಅಲೆಮಾರಿ:
ಅಪ್ಪ ಸ್ಕೂಬಾ ಡೈವಿಂಗ್‌ಗೆ ಬಳಸುತ್ತಿದ್ದ ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಕೊಡುವ ಸಾಧನ) ಈಗ ನನ್ನ ಹತ್ತಿರ ಇದೆ. ಫಸ್ಟ್ ಸ್ಟೇಜ್ (ಸಿಲಿಂಡರ್‌ಗೆ ಹಾಕುವ ಭಾಗ) ಪಿಸ್ಟನ್‌ನದು, ಹೋದ ತಿಂಗಳಷ್ಟೇ ಸರ್ವೀಸ್ ಆಗಿದೆ. ದಡದಲ್ಲಿ ಉಸಿರೆಳೆದರೆ ಗೆಳೆಯನ ಹೊಸದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಆದರೆ 25 ಮೀಟರ್ ಆಳದಲ್ಲಿ, ಸಿಲಿಂಡರ್ 70 ಬಾರ್‌ಗೆ ಇಳಿದ ಮೇಲೆ, ಗಾಳಿಯನ್ನು ಜಗ್ಗಿ ಎಳೆಯಬೇಕಾಗುತ್ತದೆ. ಹಳೆಯದಾಯಿತು ಅಂತ ಬಿಟ್ಟುಬಿಡಬೇಕೇ? ಮನಸ್ಸು ಒಪ್ಪುತ್ತಿಲ್ಲ.

ಒ-ರಿಂಗ್:
ಕಾರಣ ಗೊತ್ತಾಗುವವರೆಗೆ ದಯವಿಟ್ಟು ಅದನ್ನು ಆಳಕ್ಕೆ ಒಯ್ಯಬೇಡಿ. ದಡದಲ್ಲಿ ಎಳೆದು ನೋಡಿದರೆ ಏನೂ ತಿಳಿಯುವುದಿಲ್ಲ. 25 ಮೀಟರ್‌ನಲ್ಲಿ ಗಾಳಿಯ ಸಾಂದ್ರತೆ ಮೇಲಿನದರ ಮೂರೂವರೆ ಪಟ್ಟು. ಅದಕ್ಕೇ ಯುರೋಪಿನ ಇಎನ್ 250 ಮಾನದಂಡ 50 ಮೀಟರ್ ಆಳ, ನಿಮಿಷಕ್ಕೆ 62.5 ಲೀಟರ್ ಉಸಿರಾಟ ಇಟ್ಟುಕೊಂಡು ಅಳೆಯುತ್ತದೆ. ಉಸಿರಾಟದ ಶ್ರಮ ಲೀಟರಿಗೆ 3 ಜೂಲ್ ದಾಟಬಾರದು.

ಒಂದು ಕೆಲಸ ಮಾಡಿ. ಬಿಸಿಡಿಗೆ (ತೇಲುವ ಜಾಕೆಟ್) ಗಾಳಿ ತುಂಬುವ ಇನ್‌ಫ್ಲೇಟರ್ ಹೋಸ್‌ಗೆ ಐಪಿ (ಫಸ್ಟ್ ಸ್ಟೇಜ್‌ನಿಂದ ಸೆಕೆಂಡ್ ಸ್ಟೇಜ್‌ಗೆ, ಅಂದರೆ ಬಾಯಿಯ ಭಾಗಕ್ಕೆ, ಹೋಗುವ ಗಾಳಿಯ ಒತ್ತಡ) ಗೇಜ್ ಹಾಕಿ, ತುಂಬಿದ ಸಿಲಿಂಡರ್‌ನಲ್ಲಿ ಒಮ್ಮೆ, 60 ಬಾರ್ ಇರುವುದರಲ್ಲಿ ಒಮ್ಮೆ ನೋಡಿ. ಸುಮ್ಮನಿದ್ದಾಗ ಮುಳ್ಳು ಎಲ್ಲಿದೆ, ಗಾಳಿ ಹೊರಬಿಡುವ ಪರ್ಜ್ ಬಟನ್ ಒತ್ತಿದಾಗ ಎಷ್ಟು ಬೀಳುತ್ತದೆ, ಎರಡನ್ನೂ ಬರೆದುಕೊಳ್ಳಿ. ಒತ್ತಿದಾಗ ವಿಪರೀತ ಬಿದ್ದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ.

ಅಲೆಮಾರಿ:
ಸಿಲಿಂಡರ್ 200 ಬಾರ್‌ನಲ್ಲಿ ಐಪಿ 9.6 ಬಾರ್, 60 ಬಾರ್‌ನಲ್ಲಿ 8.3. ಪರ್ಜ್ ಒತ್ತಿದಾಗ ಎರಡರಲ್ಲೂ ಸ್ವಲ್ಪವೇ ಇಳಿದು ತಕ್ಷಣ ವಾಪಸ್ ಬಂತು.

ಒ-ರಿಂಗ್:
ಹಾಗಾದರೆ ಕೆಟ್ಟಿಲ್ಲ, ಅದರ ರಚನೆಯೇ ಹಾಗೆ. ಅನ್‌ಬ್ಯಾಲೆನ್ಸ್ಡ್ ಪಿಸ್ಟನ್‌ನಲ್ಲಿ ಸಿಲಿಂಡರ್‌ನ ಒತ್ತಡವೂ ಸೇರಿ ವಾಲ್ವನ್ನು ತೆರೆಯುತ್ತದೆ. ಅದು ಕಡಿಮೆಯಾದಂತೆ ಐಪಿಯೂ ಇಳಿಯುತ್ತದೆ. ಆ ಕಾಲದ ಸೆಕೆಂಡ್ ಸ್ಟೇಜ್ ಸಾಮಾನ್ಯವಾಗಿ ಅನ್‌ಬ್ಯಾಲೆನ್ಸ್ಡ್. ತುಂಬಿದ ಸಿಲಿಂಡರ್‌ನಲ್ಲಿ ಸೋರದಂತೆ ಅದರ ಸ್ಪ್ರಿಂಗನ್ನು ಬಿಗಿ ಮಾಡಿರುತ್ತಾರೆ. ಐಪಿ ಇಳಿದಾಗ ಅದೇ ಸ್ಪ್ರಿಂಗ್ ನಿಮ್ಮ ಉಸಿರಿಗೆ ಎದುರು ನಿಲ್ಲುತ್ತದೆ. ಗೆಳೆಯನದು ಬ್ಯಾಲೆನ್ಸ್ಡ್ ಇರಬೇಕು, ಅದಕ್ಕೆ ಕೊನೆವರೆಗೂ ಒಂದೇ ಸಮ.

ಐಪಿ ಏರಿಸಿ ಸರಿಮಾಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ತುಂಬಿದ ಸಿಲಿಂಡರ್‌ಗೆ ಹಾಕಿದ ಕೂಡಲೇ ಫ್ರೀ ಫ್ಲೋ (ಗಾಳಿ ತಾನಾಗಿ ಹರಿದು ಹೋಗುವುದು) ಶುರುವಾಗುತ್ತದೆ.

ಉಪ್ಪುನೀರು:
ಇಸವಿ ನೋಡಿ ತೀರ್ಮಾನ ಮಾಡಬೇಡಿ ಅಂತ ನಾನೂ ಹೇಳುತ್ತೇನೆ. ನನ್ನದು 1970ರ ದಶಕದ ಬ್ಯಾಲೆನ್ಸ್ಡ್ ಪಿಸ್ಟನ್. ಚೆನ್ನಾಗಿ ಹೊಂದಿಸಿದ ಮೇಲೆ ಉಸಿರು ಎಳೆಯುವುದರಲ್ಲಿ ನನ್ನ ಹೊಸದಕ್ಕೆ ಸರಿಸಮ. ಬಿಡುವುದರಲ್ಲಿ ಮಾತ್ರ ಸೋಲುತ್ತದೆ, ಎಕ್ಸಾಸ್ಟ್ ವಾಲ್ವ್ ಚಿಕ್ಕದು. ಸರ್ವೀಸ್‌ನಿಂದ ಅದು ಬದಲಾಗುವುದಿಲ್ಲ.

ಅಲೆಮಾರಿ:
ಇಬ್ಬರಿಗೂ ಧನ್ಯವಾದ. ಸೆಕೆಂಡ್ ಸ್ಟೇಜನ್ನಾದರೂ ಉಳಿಸಿಕೊಳ್ಳಬಹುದೇ?

ಒ-ರಿಂಗ್:
ಖಂಡಿತ. ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜ್‌ಗೆ ಜೋಡಿಸಿ, ಅದರ ಐಪಿಗೆ ತಕ್ಕಂತೆ ಟೆಕ್ನಿಷಿಯನ್ ಕೈಯಲ್ಲಿ ಟ್ಯೂನ್ ಮಾಡಿಸಿ. ಆಮೇಲೆ ಮೊದಲ ಡೈವ್ 10 ಮೀಟರ್ ದಾಟದಿರಲಿ, ಸಿಲಿಂಡರ್ 50 ಬಾರ್‌ಗೆ ಬಂದಾಗ ಉಸಿರು ಹೇಗಿತ್ತು ಅಂತ ಇಲ್ಲೇ ಬರೆಯಿರಿ.