ಕರು ಸತ್ತ ಮೇಲೆ ಎಮ್ಮೆ ತೊರೆ ಬಿಡುತ್ತಿಲ್ಲ: ಚುಚ್ಚುಮದ್ದಿಲ್ಲದೆ ದಾರಿಯಿದೆಯೇ?

ಪ್ರಶ್ನೆ: ಹೈನುಗಾರ, ಧಾರವಾಡ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮುರ್ರಾ ಎಮ್ಮೆ ಎರಡನೆಯ ಸೂಲಿಗೆ ಈದು ಇನ್ನೂ ತಿಂಗಳು ತುಂಬಿರಲಿಲ್ಲ, ಅಷ್ಟರಲ್ಲಿ ಕರು ಭೇದಿಯಾಗಿ ಸತ್ತುಹೋಯಿತು. ಅಲ್ಲಿಯವರೆಗೆ ಮೊದಲು ಕರುವನ್ನು ಬಿಟ್ಟು, ಎಮ್ಮೆ ತೊರೆ ಬಿಟ್ಟ ಮೇಲೆ, ಅಂದರೆ ಹಾಲು ಮೊಲೆಗೆ ಇಳಿದ ಮೇಲೆ, ಕರುವನ್ನು ಪಕ್ಕಕ್ಕೆ ಕಟ್ಟಿ ಹಾಲು ಹಿಂಡುತ್ತಿದ್ದೆವು. ಈಗ ಕೆಚ್ಚಲು ಬಿಗಿದು ನಿಂತಿದ್ದರೂ ಮೊಲೆಯಿಂದ ನಾಲ್ಕು ಎಳೆ ಹಾಲು ಬಂದು ನಿಂತುಬಿಡುತ್ತದೆ. ಜ್ವರವಿಲ್ಲ, ಮೇವು ಬಿಟ್ಟಿಲ್ಲ, ಒದೆಯುವುದೂ ಇಲ್ಲ. ಕರು ಕಟ್ಟುತ್ತಿದ್ದ ಗೂಟದ ಕಡೆಗೆ ಮುಖ ಮಾಡಿ ಒದರುತ್ತದೆ, ಅಷ್ಟೇ. ಊರಿನ ಕೆಲವರು ಎರಡು ಹೊತ್ತೂ ಚುಚ್ಚುಮದ್ದು ಕೊಟ್ಟು ಹಿಂಡಿರಿ ಎನ್ನುತ್ತಾರೆ, ನನಗೆ ಮನಸ್ಸಿಲ್ಲ. ಎಮ್ಮೆಗೆ ಹಾಲೇ ಕಡಿಮೆಯಾಗಿದೆಯೇ ಅಥವಾ ಅದು ಹಾಲನ್ನು ಹಿಡಿದಿಟ್ಟುಕೊಳ್ಳುತ್ತಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಪಶುವೈದ್ಯ, ಶರೀರಕ್ರಿಯಾಶಾಸ್ತ್ರದ ಅಧ್ಯಾಪಕ

ಹಾಲು ಕೆಚ್ಚಲಿನಲ್ಲಿಯೇ ಇದೆ, ಆದರೆ ಎಮ್ಮೆ ಅದನ್ನು ಬೇಕೆಂದು ಹಿಡಿದಿಟ್ಟುಕೊಂಡಿಲ್ಲ. ತೊರೆ ಬಿಡುವುದು ಪ್ರಾಣಿಯ ಇಚ್ಛೆಗೆ ಸೇರಿದ ಕೆಲಸವಲ್ಲ. ಹಾಲು ತಯಾರಾಗುವುದು ಕೆಚ್ಚಲಿನೊಳಗಿನ ಅತಿ ಸಣ್ಣ ಚೀಲಗಳಲ್ಲಿ. ಆ ಚೀಲಗಳನ್ನು ಹಿಂಡಿ ಹಾಲನ್ನು ಕೆಳಗೆ ತಳ್ಳುವ ಸ್ನಾಯುವಿನಂಥ ಕೋಶಗಳು ಸುತ್ತಲೂ ಇವೆ. ಕರು ಮೊಲೆಗೆ ಬಾಯಿ ಹಾಕಿದಾಗ, ಕೆಲವೊಮ್ಮೆ ಕರುವಿನ ವಾಸನೆ ಬಂದಾಗಲೇ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಆ ಕೋಶಗಳನ್ನು ಬಿಗಿಸುತ್ತದೆ. ಅದರ ಪ್ರಭಾವ ಕೆಲವೇ ನಿಮಿಷಗಳದ್ದು, ಆದ್ದರಿಂದಲೇ ತೊರೆ ಬಿಟ್ಟ ಕೂಡಲೇ ತಡಮಾಡದೆ ಹಿಂಡಿ ಮುಗಿಸಬೇಕು.

ಎಮ್ಮೆಯ ವಿಷಯದಲ್ಲಿ ಇದು ಹಸುವಿಗಿಂತ ಹೆಚ್ಚು ಮುಖ್ಯವಾಗುತ್ತದೆ. ಹಸುವಿನ ಕೆಚ್ಚಲಿನ ಹಾಲಿನಲ್ಲಿ ಸುಮಾರು ಶೇ. 20ರಷ್ಟು ಮೊದಲೇ ಮೊಲೆಯ ಮೇಲಿನ ಟೊಳ್ಳು ಜಾಗದಲ್ಲಿ ಇಳಿದು ನಿಂತಿರುತ್ತದೆ. ಮುರ್ರಾ ಎಮ್ಮೆಗಳಲ್ಲಿ ಅದು ಶೇ. 5ರಷ್ಟು ಮಾತ್ರ ಎಂದು ಅಧ್ಯಯನಗಳು ತೋರಿಸಿವೆ. ಹೀಗಾಗಿ ತೊರೆ ಬಿಡದ ಹಸುವಿನಿಂದ ಒಂದಿಷ್ಟಾದರೂ ಹಾಲು ಸಿಗುತ್ತದೆ, ತೊರೆ ಬಿಡದ ಎಮ್ಮೆಯಿಂದ ನೀವು ಹೇಳಿದಂತೆ ನಾಲ್ಕು ಎಳೆಯಷ್ಟೇ ಬರುತ್ತದೆ. ತೊರೆ ಬಿಡಲು ಎಮ್ಮೆ ತೆಗೆದುಕೊಳ್ಳುವ ಸಮಯವೂ ಹೆಚ್ಚು.

ಈ ತಿಳಿವಳಿಕೆಗೆ ತಳಹದಿ ಹಾಕಿದ ಪ್ರಯೋಗ 1941ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಎಲಿ ಮತ್ತು ಪೀಟರ್ಸನ್ ಅವರದು. ಅವರು ಹಸುವಿನ ಕೆಚ್ಚಲಿನ ಅರ್ಧ ಭಾಗದ ನರಗಳನ್ನು ಕತ್ತರಿಸಿದ ಮೇಲೂ ಎರಡೂ ಭಾಗಗಳಲ್ಲಿ ಹಾಲು ಇಳಿಯಿತು. ಅಂದರೆ ಆಜ್ಞೆ ಕೆಚ್ಚಲಿಗೆ ತಲುಪುತ್ತಿದ್ದದ್ದು ನರದ ಮೂಲಕವಲ್ಲ, ರಕ್ತದ ಮೂಲಕ. ಬಳಿಕ ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಕಾಗದದ ಚೀಲಗಳನ್ನು ಊದಿ ಒಡೆದು ಬೆದರಿಸಿದರು. ಬೆದರಿದ ಹಸು ಹಾಲು ಇಳಿಸಲಿಲ್ಲ. ಹೆದರಿದಾಗ ದೇಹದಲ್ಲಿ ಹೊಮ್ಮುವ ಅಡ್ರಿನಲಿನ್ ಹಾರ್ಮೋನನ್ನು ಚುಚ್ಚಿದಾಗಲೂ ಅದೇ ಫಲ. ಅಡ್ರಿನಲಿನ್ ಕೆಚ್ಚಲಿನ ರಕ್ತನಾಳಗಳನ್ನು ಸಂಕುಚಿಸಿ ಆಕ್ಸಿಟೋಸಿನ್‌ಗೆ ಅಡ್ಡಿಯಾಗುತ್ತದೆ. ಅಪರಿಚಿತ ಜಾಗದಲ್ಲಿ ಹಿಂಡಿದರೆ ಮಿದುಳು ಆಕ್ಸಿಟೋಸಿನ್ ಬಿಡುಗಡೆಯನ್ನೇ ತಡೆಯುತ್ತದೆ ಎಂಬುದು ನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ.

ನಿಮ್ಮ ಎಮ್ಮೆಗೆ ತೊರೆ ಬಿಡಲು ಕರುವೇ ಸೂಚನೆಯಾಗಿತ್ತು. ಸೂಚನೆ ಇಲ್ಲವಾಯಿತು, ಜೊತೆಗೆ ಅದು ಕಳವಳಗೊಂಡಿದೆ. ಸಮಾಧಾನದ ಸಂಗತಿಯೆಂದರೆ, ಈ ಪ್ರತಿಕ್ರಿಯೆಯನ್ನು ಕರುವಿನಿಂದ ಬೇರೆ ಸೂಚನೆಗೆ, ಅಂದರೆ ಕೈಯ ಸ್ಪರ್ಶಕ್ಕೆ, ಹಿಂಡಿಯ ಬುಟ್ಟಿಗೆ, ಹಾಲಿನ ಪಾತ್ರೆಯ ಸದ್ದಿಗೆ ಕ್ರಮೇಣ ಹೊಂದಿಸಬಹುದು.

ಉತ್ತರ: ಎಮ್ಮೆ ಸಾಕುವ ಗೃಹಿಣಿ, ಹಾವೇರಿ

ಅಣ್ಣನವರೇ, ಡಾಕ್ಟರು ಕಾರಣವನ್ನು ಹೇಳಿದ್ದಾರೆ. ನಾನು ಕೈಗೆ ಬಂದದ್ದನ್ನು ಹೇಳುತ್ತೇನೆ. ಹಿಂಡುವವರು ದಿನವೂ ಒಬ್ಬರೇ ಇರಲಿ, ಹೊತ್ತು ತಪ್ಪದಿರಲಿ. ಹಿಂಡುವುದಕ್ಕೆ ಮುಂಚೆ ಹಿಂಡಿ ಹಾಕಿಬಿಡಬೇಡಿ. ಕೂತ ಮೇಲೆ ಗೋದಲಿಯಲ್ಲಿ ಇಡಿ, ಹಿಂಡುವ ಹೊತ್ತಿನಲ್ಲಿಯೇ ಅದು ತಿನ್ನುತ್ತಿರಲಿ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಕೆಚ್ಚಲನ್ನು ಒರೆಸಿ, ನಂತರ ಅಂಗೈಯಿಂದ ಕೆಚ್ಚಲಿನ ಮೇಲ್ಭಾಗದಿಂದ ಕೆಳಗೆ ನಿಧಾನವಾಗಿ ತಿಕ್ಕುತ್ತ, ಕರು ಗುದ್ದುವ ಹಾಗೆ ನಡುನಡುವೆ ಮೃದುವಾಗಿ ಮೇಲಕ್ಕೆ ತಳ್ಳಿ. ಮೊಲೆಗಳು ಮೆತ್ತಗಿದ್ದವು ಉಬ್ಬಿ ಹೊಳೆಯತೊಡಗಿದರೆ, ಎಮ್ಮೆ ಕಣ್ಣು ಅರೆಮುಚ್ಚಿ ಮೆಲುಕು ಹಾಕಿದರೆ ತೊರೆ ಬಂದಿದೆ ಎಂದು ತಿಳಿಯಿರಿ. ಅಲ್ಲಿಂದ ಕೈ ನಿಲ್ಲಿಸಬೇಡಿ.

ಬೇಸರಪಟ್ಟು ಕೂಗಾಡುವುದು, ಕೋಲು ತೋರಿಸುವುದು ಬೇಡವೇ ಬೇಡ. ನಮ್ಮ ಹಿರಿಯರು ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಎಮ್ಮೆಯ ಮುಂದೆ ನಿಲ್ಲಿಸುತ್ತಿದ್ದರು. ಎಮ್ಮೆ ಅದನ್ನು ನೆಕ್ಕುತ್ತ ತೊರೆ ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಭೇದಿಯಿಂದ ಸತ್ತ ಕರುವಿನ ತೊಗಲನ್ನು ಮನೆಯಲ್ಲಿಟ್ಟರೆ ಬೇರೆ ಕರುಗಳಿಗೆ ರೋಗ ತಗಲಬಹುದು, ನೀವು ಅದಕ್ಕೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಅಕ್ಕಾವರು ಹೇಳಿದಂತೆ ಹಿಂಡುವಾಗಲೇ ಹಿಂಡಿ ಇಟ್ಟು, ನನ್ನ ಹೆಂಡತಿಯೊಬ್ಬಳೇ ಹಿಂಡುತ್ತಿದ್ದಾಳೆ; ಎಮ್ಮೆ ಸ್ವಲ್ಪ ಸ್ವಲ್ಪ ಇಳಿಸತೊಡಗಿದೆ. ಆದರೂ ಕೆಚ್ಚಲು ಪೂರ್ತಿ ಖಾಲಿಯಾಗುತ್ತಿಲ್ಲ. ಹೀಗೆ ಉಳಿಯುವ ಹಾಲಿನಿಂದ ತೊಂದರೆಯಿದೆಯೇ? ಚುಚ್ಚುಮದ್ದಿನ ಹಾಲು ಮಕ್ಕಳಿಗೆ ಕೆಟ್ಟದ್ದು ಎಂಬ ಮಾತು ನಿಜವೇ?

ಉತ್ತರ: ಪಶುವೈದ್ಯ, ಶರೀರಕ್ರಿಯಾಶಾಸ್ತ್ರದ ಅಧ್ಯಾಪಕ

ತೊಂದರೆಯಿದೆ. ಕೆಚ್ಚಲಿನಲ್ಲಿ ಉಳಿದ ಹಾಲು ಮುಂದಿನ ಹಾಲಿನ ಉತ್ಪಾದನೆಯನ್ನೇ ಕುಗ್ಗಿಸುತ್ತದೆ. ಆಡಿನ ಕೆಚ್ಚಲಿನ ಒಂದೇ ಪಾಲನ್ನು ದಿನಕ್ಕೆ ಹೆಚ್ಚು ಸಲ ಹಿಂಡಿದಾಗ ಆ ಪಾಲಿನಲ್ಲಿ ಮಾತ್ರ ಹಾಲು ಹೆಚ್ಚಿ, ಇನ್ನೊಂದು ಪಾಲು ಮೊದಲಿನಂತೆಯೇ ಉಳಿಯಿತು. ಎರಡೂ ಪಾಲಿಗೆ ಹರಿಯುವ ರಕ್ತ ಒಂದೇ ಆದ್ದರಿಂದ, ಹಾಲನ್ನು ತಡೆಯುವ ಹಿಡಿತ ಆಯಾ ಪಾಲಿನೊಳಗೇ ಇದೆ ಎಂದಾಯಿತು. ಆದ್ದರಿಂದ ಸಾಧ್ಯವಾದಷ್ಟು ಖಾಲಿ ಮಾಡಿ, ಬೇಕಿದ್ದರೆ ಕೆಲವು ದಿನ ನಡುವೆ ಇನ್ನೊಂದು ಸಲ ಹಿಂಡಿ. ಹಿಂಡುವವರ ನಡತೆಗೂ ಇದಕ್ಕೂ ನೇರ ಸಂಬಂಧವಿದೆ. ರಶನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸುಗಳನ್ನು ಹಿಂದೆ ಒರಟಾಗಿ ನಡೆಸಿಕೊಂಡಿದ್ದ ವ್ಯಕ್ತಿ ಹಿಂಡುವಾಗ ಹತ್ತಿರ ನಿಂತಿದ್ದಷ್ಟಕ್ಕೇ ಕೆಚ್ಚಲಿನಲ್ಲಿ ಉಳಿದ ಹಾಲು ಶೇ. 70ರಷ್ಟು ಹೆಚ್ಚಿತ್ತು.

ಚುಚ್ಚುಮದ್ದಿನ ವಿಷಯ. ಅದರಲ್ಲಿರುವುದೂ ಇದೇ ಆಕ್ಸಿಟೋಸಿನ್. ಅದು ಒಂಬತ್ತು ಅಮೈನೋ ಆಮ್ಲಗಳ ಸಣ್ಣ ಸರಪಳಿ; ಹಾಲಿನೊಂದಿಗೆ ಹೊಟ್ಟೆಗೆ ಹೋದರೂ ಬೇರೆ ಪ್ರೋಟೀನುಗಳಂತೆ ಜೀರ್ಣವಾಗುತ್ತದೆ. ಮಕ್ಕಳ ಮೇಲಿನ ಪರಿಣಾಮದ ಬಗ್ಗೆ ಹರಡಿರುವ ಭಯಕ್ಕಿಂತ ಎಮ್ಮೆಗೆ ಆಗುವ ಹಾನಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡುತ್ತದೆ. ದಿನವೂ ಹೊರಗಿನಿಂದ ಕೊಡುತ್ತ ಹೋದರೆ ಪ್ರಾಣಿ ತಾನಾಗಿ ತೊರೆ ಬಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಔಷಧ ತಪ್ಪಿದ ದಿನ ಹಾಲಿಲ್ಲ. ಚೀಟಿಯಿಲ್ಲದ ಬಾಟಲಿಗಳಲ್ಲಿ ಕದ್ದು ಮಾರುವ ದ್ರಾವಣದ ಪ್ರಮಾಣ ಯಾರಿಗೂ ಗೊತ್ತಿರುವುದಿಲ್ಲ, ಅದೇ ಸೂಜಿ ದನದಿಂದ ದನಕ್ಕೆ ಹೋಗುತ್ತದೆ. ಹಾಲಿಗಾಗಿ ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ದುರ್ಬಳಕೆ ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ದೇಶದೊಳಗಿನ ಬಳಕೆಗೆ ಬೇಕಾದ ಆಕ್ಸಿಟೋಸಿನ್ ತಯಾರಿಕೆಯನ್ನು ನಮ್ಮ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಸಂಸ್ಥೆಯೊಂದಕ್ಕೇ ಸೀಮಿತಗೊಳಿಸಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು, ಏಕೆಂದರೆ ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಿ ತಾಯಂದಿರ ಜೀವ ಉಳಿಸುವ ಔಷಧವೂ ಇದೇ. ಅದರ ಪೂರೈಕೆ ಒಂದೇ ಕಡೆಯಿಂದ ಆಗುವುದು ಅಪಾಯಕರ.

ಈ ನಡುವೆ ಒಂದು ಕೆಲಸ ಬಾಕಿಯಿದೆ. ಪ್ರತಿ ಮೊಲೆಯ ಮೊದಲ ಎಳೆಗಳನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗರಣೆ, ನೀರಿನಂಥ ಹಾಲು ಅಥವಾ ರಕ್ತದ ಛಾಯೆ ಕಂಡರೆ ಅದು ಕೆಚ್ಚಲು ಬಾವು; ಅಂಥ ಸಂದರ್ಭದಲ್ಲಿ ಕೆಚ್ಚಲನ್ನು ತಿಕ್ಕುತ್ತ ದಿನ ಕಳೆಯದೆ ಅಂದೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಹಾಲು ಶುದ್ಧವಾಗಿದ್ದು ಕೆಚ್ಚಲು ಕಲ್ಲಿನಂತೆ ಬಿಗಿದೇ ಇದ್ದರೆ, ವೈದ್ಯರು ಪರೀಕ್ಷಿಸಿ ಒಂದೆರಡು ಸಲ ಅಳತೆಯ ಆಕ್ಸಿಟೋಸಿನ್ ಕೊಟ್ಟು ನಿಲ್ಲಿಸಬಹುದು. ಆ ತೀರ್ಮಾನ ಅವರಿಗೇ ಬಿಡಿ, ಸಿರಿಂಜನ್ನು ಮನೆಗೆ ತರಬೇಡಿ.