ತಳದ ಸಾಂಬಾರಿಗೊಂದು ಆಪ್

"ಕೀನ್ವಾ ಅಂದ್ರೆ ಏನ್ಲಾ?" ಪುಟ್ಟರಾಜು ಕೇಳಿದ. ಕೈಯಲ್ಲಿ ಸೀನನ ಫೋನು, ಬಾಯಲ್ಲಿ ಅರ್ಧ ಉದ್ದಿನ ವಡೆ.

ಕಾಲೇಜು ಹುಡುಗರು ಹೊತ್ತೊತ್ತಿಗೆ ಏನು ತಿನ್ನಬೇಕು ಅಂತ ಹೇಳೋ ಎಐ ಆಪು ಸೀನನ ಫೈನಲ್ ಇಯರ್ ಪ್ರಾಜೆಕ್ಟು. ಹನುಮಂತನಗರದ ದರ್ಶಿನಿಯೊಂದರಲ್ಲಿ ನಿಂತಲ್ಲೇ ಅದರ ಮೊದಲ ಪರೀಕ್ಷೆ. ಪುಟ್ಟರಾಜು ತನ್ನ ತೂಕ, ಎತ್ತರ, ವಯಸ್ಸು ಒತ್ತಿದ್ದಕ್ಕೆ ಅದು ರಾತ್ರಿಗೆ ಕೀನ್ವಾ, ಬೇಯಿಸಿದ ಸಾಲ್ಮನ್, ಅರ್ಧ ಅವಕಾಡೊ ಅಂದಿತ್ತು.

"ಕೀನ್ವಾ ಒಂಥರಾ ವಿದೇಶಿ ಧಾನ್ಯ, ಸಾಲ್ಮನ್ನು ಒಂಥರಾ ಮೀನು ಕಣೋ," ಅಂದೆ.

"ಮೀನಾದ್ರೆ ತಿಂತೀನಿ, ಯಾವನ್ಲಾ ಕೊಡ್ತಾನೆ? ಮಂಡ್ಯದೋನಿಗೆ ಒಂದು ಮುದ್ದೆ ಹೇಳೋಕೆ ಇದಕ್ಕೇನು ರೋಗ?"

"ಮುದ್ದೆ ಅದಕ್ಕೆ ಗೊತ್ತಿಲ್ಲ ಮಗಾ," ಸೀನ ಗೊಣಗಿದ. "ತಟ್ಟೆ ಫೋಟೋ ಹೊಡೆದ್ರೆ ಊಟ ಗುರುತಿಸಬೇಕು ಅಂತ ಫುಡ್-101 ಅನ್ನೋ ಡೇಟಾಸೆಟ್ ಹಾಕಿ ಕಲಿಸಿದೀನಿ. 2014ರಲ್ಲಿ ಜ್ಯೂರಿಕ್‌ನವರು ಮಾಡಿದ್ದು. 101 ತಿನಿಸು, ಒಂದೊಂದಕ್ಕೂ 1000 ಫೋಟೋ. ಸಮೋಸ ಇದೆ. ಇಡ್ಲಿ ಇಲ್ಲ, ದೋಸೆ ಇಲ್ಲ."

"ಇಡ್ಲಿ ತೋರಿಸಿದ್ರೆ ಏನಂತದೆ?"

"ಪನ್ನಾ ಕೋಟಾ. ಇಟಲಿಯವರ ಸಿಹಿ."

"ದೋಸೆ?"

"ಆಮ್ಲೆಟ್."

ಪಕ್ಕದ ಟೇಬಲಿನಲ್ಲಿ ಅಂಗಾರ ಅಕ್ಷತೆ ಇಟ್ಟುಕೊಂಡು ಮಸಾಲೆ ದೋಸೆ ಮುರಿಯುತ್ತಿದ್ದ ಯಜಮಾನರು ಒಮ್ಮೆ ನಮ್ಮನ್ನೂ ಒಮ್ಮೆ ತಮ್ಮ ತಟ್ಟೆಯನ್ನೂ ನೋಡಿದರು.

"ಮುದ್ದೆ?"

"ಚಾಕಲೇಟ್ ಮೂಸ್."

ಪುಟ್ಟರಾಜು ವಡೆ ಕೆಳಗಿಟ್ಟ. ವಡೆ ಕೆಳಗಿಡೋ ಆಸಾಮಿಯಲ್ಲ ಅವನು.

ವೀಣಾ ಧಾರವಾಡದವಳು, ಆಹಾರ ಮತ್ತು ಪೋಷಣೆ ಓದುತ್ತಾಳೆ. "ಜ್ಯೂರಿಕ್ ತನಕ ಯಾಕ ಹೋಗಿದ್ಯೋ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವ್ರು 2017ರಾಗ 528 ಆಹಾರ ಪದಾರ್ಥದ ಕೋಷ್ಟಕ ತಂದಾರ. 100 ಗ್ರಾಂ ರಾಗಿಯೊಳಗ 364 ಮಿಲಿಗ್ರಾಂ ಕ್ಯಾಲ್ಸಿಯಂ ಐತಿ. ಹಾಲಿನಾಗ ಅದರ ಮೂರರಾಗ ಒಂದ್ ಪಾಲು ಅಷ್ಟ."

"ಕೇಳುಸ್ಕೊಂಡ್ರಾ?" ಪುಟ್ಟರಾಜು ಆ ರಾಗಿಯನ್ನೆಲ್ಲ ತಾನೇ ಬೆಳೆದವನ ಹಾಗೆ ಎದೆ ಉಬ್ಬಿಸಿದ.

"ಆದ್ರ ಅದ್ರಾಗ ಇರೋದು ರಾಗಿ, ಮುದ್ದಿ ಅಲ್ಲ. ಹಸೀ ಪದಾರ್ಥದ ಲೆಕ್ಕ ಅದು. ತೊಗರಿಬ್ಯಾಳಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಅಂತೈತಿ. ನಿಮ್ಮ ಮೆಸ್ಸಿನ ಸಾಂಬಾರಿನಾಗ ಬ್ಯಾಳಿ ಎಷ್ಟಿರ್ತೈತಿ, ಅದನ್ನ ನೀವ ಹೇಳ್ಬೇಕು."

ಇಲ್ಲೇ ಇರೋದು ಅಸಲಿ ಕಥೆ. ಮೆಸ್ಸಿನ ಸಾಂಬಾರು ಒಂದಲ್ಲ, ಎರಡು. ಮೇಲಿನದು ಹಳದಿ ತಿಳಿ, ಅದರಲ್ಲಿ ತೇಲೋ ಕರಿಬೇವು, ಅಲ್ಲೊಂದು ಇಲ್ಲೊಂದು ಸಾಸಿವೆ. ಬೇಳೆ, ನುಗ್ಗೆಕಾಯಿ, ಕುಂಬಳಕಾಯಿ ಹೋಳು ಎಲ್ಲ ತಳದಲ್ಲಿ. ಏಳೂವರೆಗೇ ಕ್ಯೂ ನಿಂತವನಿಗೆ ಸೌಟು ಮೇಲ್ಮೇಲೆ ಆಡುತ್ತೆ. ಒಂಬತ್ತಕ್ಕೆ ಬಂದವನಿಗೆ ತಳವೇ ಸಿಗುತ್ತೆ, ಆದರೆ ಅಷ್ಟೊತ್ತಿಗೆ ಅನ್ನ ಖಾಲಿ. ನಡುವೆ ಬಂದವರು "ಭಟ್ರೇ, ಸ್ವಲ್ಪ ತಳದಿಂದ ಎತ್ತಿ ಹಾಕಿ" ಅಂತ ಹಲ್ಲು ಗಿಂಜಬೇಕು. ಭಟ್ಟರ ಕೈ ಇನ್ನರ್ಧ ಅಡಿ ಕೆಳಗಿಳಿಯುತ್ತೋ ಇಲ್ಲವೋ ಅನ್ನೋದರ ಮೇಲೆ ನಮ್ಮ ಪ್ರೋಟೀನ್ ನಿಂತಿದೆ. ಫೋಟೋ ಹೊಡೆದು ಏನು ಕಂಡುಹಿಡೀತೀರಿ? ಫೋಟೋದಲ್ಲಿ ಬರೋದೂ ಮೇಲಿನ ತಿಳಿಯೇ.

"ಫೋಟೋ ಬೇಡ ಬಿಡಿ," ಸೀನ ಇನ್ನೊಂದು ದಾಳ ಉರುಳಿಸಿದ. "ನೀವು ಏನು ಆರಿಸ್ತೀರಿ ಅಂತ ನೋಡ್ಕೊಂಡು ಆಪೇ ಕಲಿಯುತ್ತೆ. ನಿಮಗೆ ಇಷ್ಟ ಆಗೋದನ್ನೇ ಹೇಳುತ್ತೆ."

"ಹಂಗಾದ್ರ ಈ ಪುಟ್ಟನ ಫೋನು ದಿನಾ ರಾತ್ರಿ ಹನ್ನೊಂದಕ್ಕ ಗೋಬಿ ಮಂಚೂರಿ ತಿನ್ನು ಅಂತೈತಿ. ಅಷ್ಟು ಹೇಳಾಕ ಎಐ ಯಾಕ ಬೇಕು? ಆ ಗಾಡಿಯವನ ತವಾ ಸಪ್ಪಳ ಸಾಕು."

"ಗೋಬಿಗೆ ಬಣ್ಣ ಹಾಕ್ಬಾರ್ದು ಅಂತ 2024ರ ಮಾರ್ಚಲ್ಲೇ ಸರ್ಕಾರ ಆರ್ಡರ್ ಮಾಡದೆ," ಪುಟ್ಟರಾಜು ಕಾನೂನು ಹಿಡಿದ. "ಈಗದು ಶುದ್ಧ ತರಕಾರಿ."

"ಬಣ್ಣ ಹೋತು. ಎಣ್ಣಿ ಎಲ್ಲಿಗೆ ಹೋತು?"

ಒಂದು ವಿಷಯಕ್ಕೆ ಮಾತ್ರ ವೀಣಾ ನಗಲಿಲ್ಲ. ಶೇಂಗಾ ಒಗ್ಗದ ಹುಡುಗ ಪುಳಿಯೋಗರೆ ತಿನ್ನಬಹುದಾ ಅಂತ ಕೇಳಿದರೆ, ಎಐ ಗೊತ್ತಿಲ್ಲದ್ದನ್ನೂ ಗೊತ್ತಿದ್ದಂಗೆ ಧೈರ್ಯವಾಗಿ ತಿನ್ನು ಅಂದುಬಿಡಬಹುದು. "ಅಲರ್ಜಿಯೊಳಗ ಊಹೆ ಬ್ಯಾಡ. ಗಟ್ಟಿ ನಿಯಮ ಬರಿ. ಸಂಶಯ ಇದ್ರ ತಟ್ಟಿಗೆ ಹಾಕ್ಬ್ಯಾಡ ಅಂತ." ಸೀನ ಟಿಶ್ಯೂ ಮೇಲೆ ಬರೆದುಕೊಂಡ. ಅವತ್ತು ನಡೆದ ಇಂಜಿನಿಯರಿಂಗ್ ಅಷ್ಟೇ.

ಮಿಕ್ಕಿದ್ದು ಬಟನ್ ಜಗಳ. ಸಸ್ಯಾಹಾರ, ಮಾಂಸಾಹಾರ ಅಂತ ಎರಡೇ ಇಟ್ಟಿದ್ದ, ಪಾಪ. ಸೋಮವಾರ ಶನಿವಾರ ಬಿಟ್ಟು ಮಾಂಸ, ಶ್ರಾವಣ ಬಿಟ್ಟು ಮಾಂಸ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು, ಒಪ್ಪತ್ತು, ಹಾಸ್ಟೆಲಲ್ಲಿ ಮೊಟ್ಟೆ ಊರಲ್ಲಿ ಇಲ್ಲ. ಕೊನೇದು ನನ್ನ ಬೇಡಿಕೆ. ಅದಕ್ಕೊಂದು ಪಾಸ್‌ವರ್ಡೂ ಬೇಕು ಅಂದೆ, ಅಮ್ಮ ಬಂದಾಗ ಫೋನು ನೋಡ್ತಾಳೆ.

"ತಾರೀಕು ಇಪ್ಪತ್ತೈದು ದಾಟಿದ್ ಮೇಲೆ ಬೇರೆ ಆಪೇ ಬೇಕು ಕಣ್ಲಾ," ಪುಟ್ಟರಾಜು ಅಂದ. "ಜೇಬಲ್ಲಿ ಎಷ್ಟದೆ ಅಂತ ಕೇಳಿ, ಹತ್ತಿರದ ಇಂದಿರಾ ಕ್ಯಾಂಟೀನ್ ದಾರಿ ತೋರಿಸ್ಬೇಕು. 2017ರಲ್ಲಿ ಶುರು ಆದಾಗ ತಿಂಡಿ 5 ರೂಪಾಯಿ, ಊಟ 10. ಅಲ್ಲಿ ಅವಕಾಡೊ ಕೇಳೋರು ಯಾರೂ ಇಲ್ಲ."

ನಾನೂ ಅದೇ ಪಕ್ಷ. ಹುಡುಗರಿಗೆ ಏನು ತಿನ್ನಬೇಕು ಅನ್ನೋದು ಸುಮಾರಾಗಿ ಗೊತ್ತೇ ಇರುತ್ತೆ. ಗೊತ್ತಿಲ್ಲದಿರೋದು ಈ ಹೊತ್ತಲ್ಲಿ, ಈ ದುಡ್ಡಲ್ಲಿ, ಈ ಮೆಸ್ಸಲ್ಲಿ ಏನಿದೆ ಅನ್ನೋದು.

ಅಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು. ನಮ್ಮ ಮೆಸ್ಸಿನ ಭಟ್ರು! ಕೈಯಲ್ಲಿ ನೊರೆ ನೊರೆ ಸ್ಟ್ರಾಂಗ್ ಕಾಫಿ. ಮೆಸ್ಸಿನ ಕಾಫಿ ಅವರೂ ಕುಡಿಯಲ್ಲ ಅನ್ನೋದು ಆಗಲೇ ಗೊತ್ತಾಗಿದ್ದು.

ಸೀನ ಬಿಡಲಿಲ್ಲ. "ಭಟ್ರೇ, ದಿನಾ ಬೆಳಗ್ಗೆ ಏನು ಅಡುಗೆ, ಎಷ್ಟು ಬೇಳೆ ಅಂತ ಒಂದು ವಾಟ್ಸಾಪ್ ಹಾಕ್ಬಿಡಿ ಸಾಕು. ಮಿಕ್ಕಿದ್ದೆಲ್ಲ ಎಐ ನೋಡ್ಕೊಳ್ಳುತ್ತೆ."

ಭಟ್ರು ಲೋಟದ ಕೊನೇ ಗುಟುಕು ಇಳಿಸಿ, ಮೀಸೆ ಒರೆಸಿಕೊಂಡರು. "ಏನು ಅಡುಗೆ ಅಂತ ಹಾಕ್ತೀನಪ್ಪಾ. ಬೇಳೆ ಎಷ್ಟು ಅನ್ನೋದನ್ನ ವಾರ್ಡನ್ ಸಾಹೇಬ್ರನ್ನೇ ಕೇಳ್ಕೊಳ್ಳಿ. ಸ್ಟೋರಿನ ಬೀಗದಕೈ ಇರೋದು ಅವರ ಸೊಂಟದಲ್ಲಿ."