‘ಮೂತ್ರ ಕಟ್ಟುವುದು’, ‘ಮೂತ್ರ ನಿಲ್ಲುವುದು’: ನಿದ್ದೆಮಾತ್ರೆಯ ಎಚ್ಚರಿಕೆಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ವಯಸ್ಸಾದ ಗಂಡಸರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಹೇಳಬೇಕಾದ ವಿಷಯ ಚಿಕ್ಕದು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವವರು ನಿದ್ದೆಗೆಂದು ಕೆಲವು ಬಗೆಯ ಮಾತ್ರೆ ನುಂಗಿದರೆ, ಮೂತ್ರಕೋಶ ತುಂಬಿ ಬಿರಿಯುವಂತಿದ್ದರೂ ಮೂತ್ರ ಹೊರಗೆ ಬಾರದೆ ಹೋಗಬಹುದು. ಈ ಸ್ಥಿತಿಯನ್ನು ಓದಿದ ಕೂಡಲೇ ತಿಳಿಯುವಂತೆ ಕನ್ನಡದಲ್ಲಿ ಹೇಗೆ ಹೇಳಬೇಕು?

ಮೊದಲು ಹಿನ್ನೆಲೆ. ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು. ವಯಸ್ಸಾದಂತೆ ಹಲವರಲ್ಲಿ ಅದು ದೊಡ್ಡದಾಗಿ ನಾಳವನ್ನು ಒತ್ತುತ್ತದೆ. ರಾತ್ರಿ ಮೂರು ನಾಲ್ಕು ಸಲ ಎದ್ದು ಹೋಗಬೇಕಾಗುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಬರಲೆಂದು ಮಾತ್ರೆ ಹುಡುಕುವವರು ಎಷ್ಟೋ ಸಲ ಇವರೇ. ಡೈಫೆನ್‌ಹೈಡ್ರಮೈನ್, ಡಾಕ್ಸಿಲಮೈನ್‌ನಂಥ ಹಳೆಯ ಅಲರ್ಜಿ ಔಷಧಿಗಳು, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಮುಂತಾದವು ಅಸಿಟೈಲ್‌ಕೋಲಿನ್ ಎಂಬ ನರವಾಹಕದ ಕೆಲಸವನ್ನು ತಡೆಯುತ್ತವೆ. ಮೂತ್ರಕೋಶದ ಸ್ನಾಯು ಹಿಂಡುವುದು ಅದರ ಬಲದಿಂದಲೇ. ದಾರಿ ಮೊದಲೇ ಇಕ್ಕಟ್ಟು, ಈಗ ಹಿಂಡುವ ಶಕ್ತಿಯೂ ಕುಂದಿತು. ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ಇಂಥ ನಿದ್ದೆಮಾತ್ರೆಗಳ ಪೊಟ್ಟಣದ ಮೇಲೆಯೇ, ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರಕ್ಕೆ ತೊಂದರೆ ಇರುವವರು ವೈದ್ಯರನ್ನು ಕೇಳಿ ಎಂಬ ಸೂಚನೆ ಅಚ್ಚಾಗಿರುತ್ತದೆ.

ಈಗ ಪದಗಳಿಗೆ ಬರುತ್ತೇನೆ. ‘ಮೂತ್ರ ನಿಲ್ಲುವುದು’ ಎಂದು ಬರೆದಿರುವುದನ್ನು ಅಲ್ಲಲ್ಲಿ ಕಂಡಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಮಳೆ ನಿಂತಿತು, ಮುಟ್ಟು ನಿಂತಿತು ಎನ್ನುವಾಗ ಬರುವುದೇ ಮುಗಿಯಿತು ಎಂದು ಅರ್ಥ. ‘ಮೂತ್ರ ನಿಂತಿದೆ’ ಎಂದರೆ ಕಿಡ್ನಿ ಮೂತ್ರ ತಯಾರಿಸುತ್ತಿಲ್ಲ ಎಂದಾಗುತ್ತದೆ. ಅದು ಬೇರೆಯೇ ರೋಗ, ಅದರ ಚಿಕಿತ್ಸೆಯೂ ಬೇರೆ. ‘ಮೂತ್ರ ತಡೆ’ಯಲ್ಲಿ ಇನ್ನೊಂದು ತೊಡಕು: ‘ತಡೆದುಕೊಳ್ಳಲು ಆಗುತ್ತಿಲ್ಲ’ ಎಂಬ ಮಾತು ತದ್ವಿರುದ್ಧ ತೊಂದರೆಯನ್ನು ಹೇಳುತ್ತದೆ, ಅದೂ ಇದೇ ವಯಸ್ಸಿನವರಲ್ಲಿ ಸಾಮಾನ್ಯ.

‘ಕಟ್ಟು’ ನನಗೆ ಸರಿಯೆನಿಸುತ್ತದೆ. ಮೂಗು ಕಟ್ಟಿದೆ, ಗಂಟಲು ಕಟ್ಟಿದೆ ಎನ್ನುವಲ್ಲಿ ದಾರಿ ಮುಚ್ಚಿದ ಅರ್ಥವಿದೆ. ಬಾಣಂತಿಗೆ ‘ಎದೆಹಾಲು ಕಟ್ಟಿದೆ’ ಎನ್ನುವಾಗ ಒಳಗೆ ತುಂಬಿದೆ, ಹೊರಗೆ ಬರುತ್ತಿಲ್ಲ, ನೋಯುತ್ತಿದೆ ಎಂಬ ಮೂರೂ ಅರ್ಥ ಒಟ್ಟಿಗೆ ಬರುತ್ತವೆ. ನಮಗೆ ಬೇಕಾದದ್ದು ಇದೇ. ದನಕರುಗಳ ವಿಷಯದಲ್ಲೂ ರೈತರು ‘ಉಚ್ಚೆ ಕಟ್ಟಿದೆ’ ಎನ್ನುವುದುಂಟು.

ಸಂಸ್ಕೃತದ ದಾರಿಯಲ್ಲಿ ಹೋದರೆ ಸುಶ್ರುತಸಂಹಿತೆಯಲ್ಲಿ ‘ಮೂತ್ರಾಘಾತ’ದ 12 ಬಗೆಗಳಿವೆ. ಅದರಲ್ಲೊಂದು ‘ವಾತಾಷ್ಠೀಲಾ’: ಮಲಮಾರ್ಗಕ್ಕೂ ಬಸ್ತಿಗೂ (ಅಂದರೆ ಮೂತ್ರಕೋಶಕ್ಕೂ) ನಡುವೆ ಗುಂಡುಕಲ್ಲಿನಂತೆ ಗಟ್ಟಿಯಾದ ಗಂಟು. ಇಂದಿನ ಆಯುರ್ವೇದ ವೈದ್ಯರು ಇದನ್ನು ಪ್ರಾಸ್ಟೇಟ್ ತೊಂದರೆಯೊಡನೆ ಹೋಲಿಸುತ್ತಾರೆ. ವಿದ್ವತ್ತಿಗೆ ಸೊಗಸಾದ ಪದ, ಆದರೆ ‘ಆಘಾತ’ ಎಂದರೆ ಇವತ್ತಿನ ಓದುಗರಿಗೆ ಹೃದಯಾಘಾತವೇ ನೆನಪಾಗುತ್ತದೆ. ಕರಪತ್ರಕ್ಕೆ ಬೇಡ.

ಇನ್ನೆರಡು ಕಡೆ ನಿಮ್ಮ ಸಲಹೆ ಬೇಕು. ‘ಪ್ರಾಸ್ಟೇಟ್ ಊತ’ ಎಂದರೆ ಸೋಂಕಿನಿಂದ ಬಾತುಕೊಂಡ ಹಾಗೆ ಕೇಳಿಸುತ್ತದೆ. ‘ಗಡ್ಡೆ’ ಎಂದರೆ ಕ್ಯಾನ್ಸರ್ ಎಂದು ಹೆದರುತ್ತಾರೆ. ವಯೋಸಹಜವಾಗಿ ದೊಡ್ಡದಾಗುವುದು ಕ್ಯಾನ್ಸರ್ ಅಲ್ಲ, ಹಾಗಾಗಿ ‘ಹಿರಿದಾಗುವುದು’ ಎಂದು ಬರೆಯೋಣವೇ?

ಹೆಚ್ಚು ಕಷ್ಟವಾಗಿರುವುದು ‘ನಿದ್ದೆಮಾತ್ರೆ’. ಜನರ ಬಾಯಲ್ಲಿ ಅಲ್ಪ್ರಜೋಲಮ್, ಜೋಲ್ಪಿಡೆಮ್, ಅಲರ್ಜಿ ಮಾತ್ರೆ ಎಲ್ಲವೂ ಅದೇ. ಮೂತ್ರ ಕಟ್ಟುವ ಭಯ ಮುಖ್ಯವಾಗಿ ಇರುವುದು ಅಸಿಟೈಲ್‌ಕೋಲಿನ್ ತಡೆಯುವ ಗುಂಪಿನಲ್ಲಿ. ‘ನಿದ್ದೆಮಾತ್ರೆ ಬೇಡ’ ಎಂದು ಬರೆದರೆ, ವರ್ಷಗಟ್ಟಲೆ ಅಲ್ಪ್ರಜೋಲಮ್ ತೆಗೆದುಕೊಂಡವರು ಅದನ್ನು ಥಟ್ಟನೆ ಬಿಟ್ಟುಬಿಡಬಹುದು. ಹಾಗೆ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ಒಂದು ಪದದ ಅಜಾಗರೂಕತೆಯಿಂದ ಇಂಥದ್ದು ಆಗಬಾರದು. ನಾನು ಯೋಚಿಸಿದ್ದು ‘ಬಾಯಿ ಒಣಗಿಸುವ ನಿದ್ದೆಮಾತ್ರೆ’. ಈ ಗುಂಪಿನ ಔಷಧಿಗಳು ಸಾಮಾನ್ಯವಾಗಿ ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಕಣ್ಣು ಮಂಜಾಗಿಸುತ್ತವೆ. ಮಾತ್ರೆಯ ಹೆಸರು ಓದಲು ಬಾರದವರಿಗೂ ಒಣಗಿದ ಬಾಯಿ ಗೊತ್ತಾಗುತ್ತದೆ. ಪಕ್ಕದಲ್ಲೇ ಔಷಧಿಗಳ ಹೆಸರನ್ನೂ ಕೊಡುತ್ತೇನೆ, ‘ವೈದ್ಯರನ್ನು ಕೇಳದೆ ಯಾವುದನ್ನೂ ಬಿಡಬೇಡಿ’ ಎಂಬ ಸಾಲನ್ನೂ ಸೇರಿಸುತ್ತೇನೆ.

ಉತ್ತರ ಕರ್ನಾಟಕದವರು ಮೂತ್ರಕ್ಕೆ ‘ಕಾಲ್ಮಡಿ’ ಎನ್ನುತ್ತೀರಲ್ಲ, ಅದರ ಜೊತೆಗೆ ‘ಕಟ್ಟು’ ಕೂಡುತ್ತದೆಯೇ? ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹಿರಿಯರು ಈ ತೊಂದರೆಯನ್ನು ಏನೆಂದು ಹೇಳಿಕೊಳ್ಳುತ್ತಾರೆ? ಸಂಕೋಚದಿಂದ ಬಳಸುವ ಸುತ್ತುಮಾತುಗಳಿದ್ದರೆ ಅವನ್ನೂ ದಯವಿಟ್ಟು ಬರೆಯಿರಿ. ‘ಮೂತ್ರ ಕಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ’ ಎಂಬ ಸಾಲು ನಿಮ್ಮ ಊರಿನಲ್ಲಿ ತಪ್ಪಾಗಿ ಅರ್ಥವಾಗುವಂತಿದ್ದರೆ, ಅಚ್ಚಿಗೆ ಹೋಗುವ ಮುನ್ನ ತಿಳಿಸಿ.